ಮಂಗಳದ ಕುಳಿಗಳ ಜಾಡು ಹಿಡಿದು: ಪಸಡೀನಾದಿಂದ ಫ್ಲ್ಯಾಗ್‌ಸ್ಟಾಫ್‌ವರೆಗೆ

ಮೊದಲ ದಿನ: ಪಸಡೀನಾ

ಅಂತರ್ಜಲದ ಕೆಲಸದಲ್ಲಿ ಇದ್ದವಳು ನಾನು. ಬೋರ್‌ವೆಲ್ ಕೊರೆಯುವಾಗ ಮೇಲೆ ಬರುವ ಕಲ್ಲಿನ ಪುಡಿಯನ್ನು ಸಾಲಾಗಿ ಗುಡ್ಡೆ ಹಾಕಿಸಿ, ಯಾವ ಆಳದಲ್ಲಿ ಯಾವ ಕಲ್ಲು ಸಿಕ್ಕಿತು ಅಂತ ಬರೆದುಕೊಳ್ಳುವುದು ವರ್ಷಗಟ್ಟಲೆ ನನ್ನ ದಿನಚರಿಯಾಗಿತ್ತು. ಹಾಗಾಗಿ ಮಂಗಳ ಗ್ರಹದ ಮೇಲೆ ಓಡಾಡುವ ರೋವರುಗಳ ಸುದ್ದಿ ಬಂದಾಗೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಡ್ರಿಲ್ ಕಡೆಗೆ. ಕ್ಯೂರಿಯಾಸಿಟಿ ರೋವರ್ ಒಂದು ಸಲ ಕೊರೆದರೆ ಇಳಿಯುವುದು ಸುಮಾರು ಆರು ಸೆಂಟಿಮೀಟರ್. ಅಷ್ಟು ತೂತಿನಿಂದ ಒಂದು ಗ್ರಹದ ಒಳಗಿನ ಕಥೆ ತಿಳಿಯುವುದಿಲ್ಲ. ರೋವರುಗಳನ್ನು ಕುಳಿಗಳಿಗೆ ಕಳಿಸುವುದು ಅದಕ್ಕೇ. ಉಲ್ಕೆ ಬಡಿದು ಆದ ಕುಳಿ ಎಂದರೆ ಯಾರೋ ಕೊರೆದಿಟ್ಟು ಹೋದ ದೊಡ್ಡ ಬೋರು ಇದ್ದ ಹಾಗೆ. ಅದರ ಗೋಡೆಯಲ್ಲಿ ಪದರಗಳು ತೆರೆದು ನಿಂತಿರುತ್ತವೆ. ಕೊರೆಯುವ ಖರ್ಚಿಲ್ಲ, ನಿಧಾನವಾಗಿ ನಡೆದು ಓದಿಕೊಂಡರೆ ಆಯಿತು.

ಆ ಓದನ್ನು ಭೂಮಿಯ ಮೇಲೆ ಎಲ್ಲೆಲ್ಲಿ ಕಲಿತರೋ ಆ ಜಾಗಗಳನ್ನು ನೋಡಬೇಕು ಎಂಬ ಆಸೆ ಬಹಳ ದಿನದ್ದು. ತಮ್ಮ ಸ್ಯಾನ್ ಡಿಯಾಗೋದಲ್ಲಿದ್ದಾನೆ. ಮಾರ್ಚ್ ಕೊನೆಯಲ್ಲಿ ಅವನ ಮಗಳಿಗೆ ಶಾಲೆ ರಜೆ. ಮನೆಯಲ್ಲಿ ಎಲ್ಲರೂ ಪುಟ್ಟಿ ಅಂತಲೇ ಕರೆಯುವ ಅವಳಿಗೆ ಕಲ್ಲು ಆಯುವ ಹುಚ್ಚು. ಮೂವರೂ ಅವನ ಕಾರಿನಲ್ಲೇ ಹೊರಟೆವು. ಡಿಕ್ಕಿಯಲ್ಲಿ ಧಾರವಾಡದಿಂದ ತಂದ ಶೇಂಗಾ ಹೋಳಿಗೆ, ಶೇಂಗಾ ಚಟ್ನಿಪುಡಿ, ಒಂದು ಕಟ್ಟು ಜೋಳದ ಕಡಕ್ ರೊಟ್ಟಿ.

ಜೆಪಿಎಲ್ ಅಂದರೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ. ನಾಸಾಕ್ಕಾಗಿ ಕ್ಯಾಲ್ಟೆಕ್ ವಿಶ್ವವಿದ್ಯಾಲಯ ನಡೆಸುವ ಸಂಸ್ಥೆ. ಮಂಗಳದ ರೋವರುಗಳ ತವರುಮನೆ. ಒಳಗೆ ನೋಡಲು ದುಡ್ಡು ಕೊಡಬೇಕಿಲ್ಲ, ಆದರೆ ಬಹಳ ಮುಂಚೆಯೇ ಹೆಸರು ಹಚ್ಚಿರಬೇಕು. ತಮ್ಮ ಅದನ್ನು ಮಾಡಿಟ್ಟಿದ್ದ. ನಮ್ಮಂಥ ಹೊರದೇಶದವರು ಪಾಸ್‌ಪೋರ್ಟ್ ಮರೆಯಬಾರದು. ಮೆಟ್ಟಿಲು, ಏರು ಜಾಸ್ತಿ, ಮೆತ್ತನೆ ಬೂಟು ಬೇಕು. ಹಿಂದೆ ಸ್ಯಾನ್ ಗೇಬ್ರಿಯಲ್ ಬೆಟ್ಟಗಳು. ಕಟ್ಟಡಗಳ ನಡುವಿನ ಹುಲ್ಲಿನಲ್ಲಿ ಎರಡು ಜಿಂಕೆ ಮೇಯುತ್ತಿದ್ದವು. ಬ್ಯಾಡ್ಜು ತೊಟ್ಟ ಎಂಜಿನಿಯರುಗಳು ಅವನ್ನು ನೋಡದೆಯೇ ಪಕ್ಕದಲ್ಲಿ ಹಾದುಹೋಗುತ್ತಿದ್ದರು. ಇಲ್ಲಿ ಅದು ದಿನನಿತ್ಯದ ನೋಟವಂತೆ.

ಒಳಗೆ ಕ್ಯೂರಿಯಾಸಿಟಿಯ ಪೂರ್ಣ ಗಾತ್ರದ ಮಾದರಿ ಇದೆ. ಫೋಟೋದಲ್ಲಿ ಆಟಿಕೆಯ ಹಾಗೆ ಕಾಣುವ ಗಾಡಿ ಎದುರಿಗೆ ನಿಂತರೆ ಸಣ್ಣ ಕಾರಿನಷ್ಟಿದೆ. ನಾನು ಜಾಸ್ತಿ ಹೊತ್ತು ನಿಂತದ್ದು ಚಕ್ರದ ಮುಂದೆ. ಅಗಲ 40 ಸೆಂಟಿಮೀಟರ್, ಎತ್ತರ 50. ಅಲ್ಯೂಮಿನಿಯಂ. ಏಣುಗಳ ನಡುವಿನ ತಗಡಿನ ದಪ್ಪ ಮುಕ್ಕಾಲು ಮಿಲಿಮೀಟರ್ ಅಷ್ಟೇ. ಒಂದು ಕಡೆ ಸಾಲಾಗಿ ಸಣ್ಣ ದೊಡ್ಡ ಕಿಂಡಿಗಳು. ಮೋರ್ಸ್ ಸಂಕೇತದಲ್ಲಿ, ಅಂದರೆ ಹಳೆಯ ತಂತಿಯ ಚುಕ್ಕೆ-ಗೆರೆ ಭಾಷೆಯಲ್ಲಿ, ಅದು ಜೆ, ಪಿ, ಎಲ್. ಅಲಂಕಾರಕ್ಕೆ ಇಟ್ಟದ್ದಲ್ಲ. ಮಣ್ಣಿನಲ್ಲಿ ಆ ಕಿಂಡಿಗಳ ಗುರುತು ಮೂಡುತ್ತದೆ. ರೋವರ್ ಹಿಂತಿರುಗಿ ನೋಡಿ ಅದರ ಫೋಟೋ ತೆಗೆದು, ಒಂದು ಗುರುತಿನಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಅಳೆಯುತ್ತದೆ. ದೂರ ಕಡಿಮೆ ಬಂದರೆ ಚಕ್ರ ಜಾರುತ್ತಿದೆ ಎಂದು ಅರ್ಥ. ಪುಟ್ಟಿ ತನ್ನ ನೋಟ್‌ಬುಕ್ಕಿನಲ್ಲಿ ಆ ಕಿಂಡಿಗಳ ಚಿತ್ರ ಬರೆದುಕೊಂಡಳು.

ಇನ್ನೊಂದು ವಸ್ತುವಿನ ಮುಂದೆ ತಮ್ಮ ನನ್ನನ್ನು ಕೈ ಹಿಡಿದು ನಿಲ್ಲಿಸಿದ. ಚೌಕಟ್ಟಿನೊಳಗೆ ಒಂದು ಚಿತ್ರ, ಕಂದು, ಹಳದಿ, ಕೆಂಪು ಬಣ್ಣದ ಉದ್ದುದ್ದ ಪಟ್ಟಿಗಳು. ಹತ್ತಿರ ಹೋದರೆ ಪ್ರತಿ ಪಟ್ಟಿಯ ಮೇಲೂ ಸಾಲು ಸಾಲು ಅಂಕಿಗಳು. 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಮಂಗಳವನ್ನು ದಾಟಿ ಹೋಗುತ್ತ ಫೋಟೋ ಕಳಿಸಿತ್ತು. ಕಂಪ್ಯೂಟರ್ ಚಿತ್ರ ಮಾಡಿಕೊಡುವ ತನಕ ಕಾಯಲಾರದೆ ಎಂಜಿನಿಯರುಗಳು ಅಂಕಿಗಳನ್ನು ಮುದ್ರಿಸಿ, ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸಿ, ಒಂದೊಂದು ಅಂಕಿಗೂ ಬಣ್ಣದ ಸೀಮೆಸುಣ್ಣ ತುಂಬಿದರು. ಮಂಗಳದ ಮೊದಲ ಹತ್ತಿರದ ಚಿತ್ರ ಕೈಯಿಂದ ಬರೆದದ್ದು! ಆ ನೌಕೆಯ ಫೋಟೋಗಳಲ್ಲೇ ಮಂಗಳದಲ್ಲಿ ಕುಳಿಗಳಿವೆ ಎಂದು ಜಗತ್ತಿಗೆ ಗೊತ್ತಾದದ್ದು.

ರೋವರನ್ನು ಯಾರೂ ಆಟದ ಕಾರಿನಂತೆ ಕೂತು ಓಡಿಸುವುದಿಲ್ಲ. ಭೂಮಿಯಿಂದ ಹೊರಟ ಸಂಕೇತ ಮಂಗಳ ಮುಟ್ಟಲು 3ರಿಂದ 22 ನಿಮಿಷ ಬೇಕು. ಮಂಗಳದ ಬೆಳಗಿಗೆ ಆ ದಿನದ ಕೆಲಸದ ಪಟ್ಟಿ ಕಳಿಸುತ್ತಾರೆ, ಸಂಜೆ ಹೊತ್ತಿಗೆ ಮೇಲೆ ಸುತ್ತುವ ನೌಕೆಗಳ ಮೂಲಕ ಉತ್ತರ ಬರುತ್ತದೆ. ಅಲ್ಲಿನ ದಿನ ನಮ್ಮದಕ್ಕಿಂತ ಸುಮಾರು 40 ನಿಮಿಷ ದೊಡ್ಡದು. ಇಳಿದ ಹೊಸತರಲ್ಲಿ ತಂಡದವರು ದಿನಾ 40 ನಿಮಿಷ ತಡವಾಗಿ ಕೆಲಸಕ್ಕೆ ಬರುತ್ತಾರೆ. ಕೆಲವು ವಾರ ಕಳೆದರೆ ನಡುರಾತ್ರಿ ಬೆಳಗಿನ ತಿಂಡಿ.

ನಿಯಂತ್ರಣ ಕೊಠಡಿಯನ್ನು ಗಾಜಿನ ಆಚೆಯಿಂದ ನೋಡಿದೆವು. 2021ರ ಫೆಬ್ರವರಿ 18ರಂದು ಪರ್ಸಿವಿಯರೆನ್ಸ್ ರೋವರ್ ಜೆಜೆರೊ ಕುಳಿಯಲ್ಲಿ ಇಳಿಯಿತು ಎಂದು ಜಗತ್ತಿಗೆಲ್ಲ ಹೇಳಿದವರು ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್. ಆ ದನಿಯನ್ನು ನಾನು ನಮ್ಮ ಮನೆಯ ಟಿವಿಯಲ್ಲಿ ಕೇಳಿದ್ದೆ. ಇಲ್ಲಿ ಮುಖ್ಯವಾದ ಗಳಿಗೆಗಳಲ್ಲಿ ಶೇಂಗಾ ಹಂಚುವ ಪದ್ಧತಿಯಿದೆ. ಚಂದ್ರನ ಯೋಜನೆಯ ಆರು ರೇಂಜರ್ ನೌಕೆಗಳು ಸೋತ ಮೇಲೆ, 1964ರಲ್ಲಿ ಏಳನೆಯದರ ದಿನ ಯಾರೋ ಶೇಂಗಾ ಹಂಚಿದರು, ಅದು ಗೆದ್ದಿತು. ಅಂದಿನಿಂದ ಶೇಂಗಾ ಬಿಟ್ಟಿಲ್ಲ. ಪಾರ್ಕಿಂಗಿಗೆ ಬಂದು ನಾವೂ ಡಿಕ್ಕಿ ತೆಗೆದು ಒಂದೊಂದು ಶೇಂಗಾ ಹೋಳಿಗೆ ತಿಂದೆವು.

ಮರುದಿನ: ಮೊಹಾವೆ ಮರುಭೂಮಿ

ಬಾರ್‌ಸ್ಟೋ ದಾಟುವವರೆಗೆ ಹೆದ್ದಾರಿ, ಹೇಳುವಂಥದ್ದೇನಿಲ್ಲ. ಬೇಕರ್ ಎಂಬ ಸಣ್ಣ ಊರಿನಲ್ಲಿ ಪೆಟ್ರೋಲ್ ತುಂಬಿಸಿ, ನೀರಿನ ಕ್ಯಾನು ತೆಗೆದುಕೊಂಡು, 127ನೇ ನಂಬರಿನ ರಸ್ತೆಗೆ ತಿರುಗಿದೆವು. ಅಲ್ಲಿಂದ ಮುಂದೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ನಕ್ಷೆ ಮೊದಲೇ ಫೋನಿಗೆ ಇಳಿಸಿಕೊಂಡಿದ್ದರೆ ಒಳ್ಳೆಯದು.

ಡ್ಯೂಮಾಂಟ್ ಮರಳುದಿಬ್ಬಗಳು ದೂರದಿಂದಲೇ ಕಾಣುತ್ತವೆ. ಕಪ್ಪು ಬೆಟ್ಟಗಳ ಬುಡದಲ್ಲಿ ತಿಳಿ ಹಳದಿ ಮರಳು. ಕ್ಯೂರಿಯಾಸಿಟಿ ಮಂಗಳದಲ್ಲಿ ಇಳಿಯುವ ಕೆಲವು ತಿಂಗಳ ಮೊದಲು, 2012ರ ಮೇನಲ್ಲಿ, ಅದರ ಜೊತೆಗಾರ ಗಾಡಿಯನ್ನು ಇಲ್ಲಿ ಓಡಿಸಿ ನೋಡಿದ್ದರು. ಅದರ ಹೆಸರು ಸ್ಕೇರ್‌ಕ್ರೋ, ಅಂದರೆ ಬೆರ್ಚಪ್ಪ. ಚಕ್ರ ಇದೆ, ಕಾಲಿದೆ, ಮೇಲೆ ಕಂಪ್ಯೂಟರಿನ ಮಿದುಳಿಲ್ಲ. ನಿಜವಾದ ರೋವರಿನ ತೂಕ 899 ಕೆ.ಜಿ. ಮಂಗಳದಲ್ಲಿ ಗುರುತ್ವ ನಮ್ಮದರ ಶೇ. 38 ಮಾತ್ರ. ಇಲ್ಲಿಯ ಮರಳಿನ ಮೇಲೆ ಅಲ್ಲಿಯಷ್ಟೇ ಭಾರ ಬೀಳಬೇಕೆಂದು ಆ ಗಾಡಿಯನ್ನು ಹಗುರ ಮಾಡಿದ್ದರು.

ಹೆದ್ದಾರಿಯಿಂದ ದಿಬ್ಬಗಳಿಗೆ ಹೋಗುವುದು ಜಲ್ಲಿ ರಸ್ತೆ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್. ಬಿಸಿಲಿಗೆ ಇಳಿದು ನೋಡಿದರೆ ಚೂಪಾದ ಕಲ್ಲೊಂದು ಟಯರಿನಲ್ಲಿ ಹಾಗೇ ಕೂತಿತ್ತು. ಹತ್ತೇ ನಿಮಿಷದಲ್ಲಿ ಮರಳಿನ ಮೇಲೆ ಓಡಿಸುವ ಮರಳುಗಾಡಿಯೊಂದನ್ನು ಹೇರಿಕೊಂಡ ಪಿಕಪ್ ಬಂತು. ವಯಸ್ಸಾದ ಗಂಡ ಹೆಂಡತಿ. ಆತ ಏನೂ ಕೇಳಲಿಲ್ಲ, ಪ್ಲಗ್ ಕಿಟ್ಟು, ಸಣ್ಣ ಏರ್ ಕಂಪ್ರೆಸರ್ ಇಳಿಸಿ ಕೆಲಸಕ್ಕೆ ಕೂತೇಬಿಟ್ಟರು. ಈ ಕಡೆ ಬರುವವರು ಅವೆರಡನ್ನೂ ಇಟ್ಟುಕೊಂಡೇ ಬರಬೇಕು. ಅಂಗಡಿ ಸಿಗಬೇಕಾದರೆ ಗಂಟೆಗಟ್ಟಲೆ ಹೋಗಬೇಕು.

ಮಾತಿಗೆ ಮಾತು ಬೆಳೆದು ಗೊತ್ತಾಯಿತು, ಅವರು ಗೋಲ್ಡ್‌ಸ್ಟೋನಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು! ಬಾರ್‌ಸ್ಟೋ ಹತ್ತಿರದ ಆ ಜಾಗದಲ್ಲಿ ದೂರದ ನೌಕೆಗಳ ಸಂಕೇತ ಹಿಡಿಯುವ 70 ಮೀಟರ್ ಅಗಲದ ಆಂಟೆನಾ ಇದೆ. ಇಂಥ ನಿಲ್ದಾಣ ಇನ್ನೆರಡು, ಒಂದು ಸ್ಪೇನಿನ ಮ್ಯಾಡ್ರಿಡ್ ಬಳಿ, ಇನ್ನೊಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿ. ಭೂಮಿ ಹೇಗೇ ತಿರುಗಿದರೂ ಯಾವುದಾದರೂ ಒಂದು ಮಂಗಳದ ಕಡೆಗೆ ಕಿವಿ ಇಟ್ಟಿರುತ್ತದೆ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲೂ ಇಸ್ರೋದ 32 ಮೀಟರಿನ ಆಂಟೆನಾ ಇದೆ ಎಂದೆ. “ಗಾಳಿಗೆ ಅದನ್ನು ಹೇಗೆ ನಿಲ್ಲಿಸುತ್ತಾರೆ?” ಎಂದು ಮೊದಲ ಪ್ರಶ್ನೆಯೇ ಕೇಳಿದರು. ಕೆಲಸ ಮಾಡಿದವರು ಕೇಳುವ ಪ್ರಶ್ನೆ ಅದು. ಅವರ ಹೆಂಡತಿಗೆ ಕಡಕ್ ರೊಟ್ಟಿ, ಚಟ್ನಿಪುಡಿ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ತುಂಡು ಮುರಿದುಕೊಂಡರು.

ದಿಬ್ಬದ ಮೇಲೆ ಹತ್ತಿದೆವು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತದೆ. ಆಪರ್ಚುನಿಟಿ ರೋವರ್ 2005ರಲ್ಲಿ ಇಂಥದೇ ಮರಳಿನ ಅಲೆಯಲ್ಲಿ ಸಿಕ್ಕಿಬಿದ್ದು ವಾರಗಟ್ಟಲೆ ಒದ್ದಾಡಿ ಹೊರಬಂದಿತ್ತು. ಅದರ ಜೋಡಿ ಸ್ಪಿರಿಟ್ 2009ರಲ್ಲಿ ಗುಸೆವ್ ಕುಳಿಯಲ್ಲಿ ಹೂತುಹೋದದ್ದು ಮತ್ತೆ ಮೇಲೇಳಲಿಲ್ಲ. ಆದರೆ ಸ್ಪಿರಿಟ್ ವಿಷಯದಲ್ಲಿ ನನಗೆ ಎಂದೂ ಮರೆಯದ್ದು ಬೇರೆ. ಅದರ ಮುಂದಿನ ಬಲಚಕ್ರ 2006ರಲ್ಲಿ ಕೆಟ್ಟು ನಿಂತಿತ್ತು. ಅದನ್ನು ಎಳೆದುಕೊಂಡೇ ರೋವರ್ ಹಿಮ್ಮುಖವಾಗಿ ನಡೆಯಿತು. ಎಳೆದ ಗೀರಿನ ಕೆಳಗೆ ಬೆಳ್ಳಗಿನ ಮಣ್ಣು ಕಂಡಿತು. ಪರೀಕ್ಷಿಸಿದರೆ ಶೇ. 90ರಷ್ಟು ಸಿಲಿಕಾ. ಬಿಸಿನೀರಿನ ಬುಗ್ಗೆಯೋ ಬಿಸಿ ಹಬೆಯೋ ಇದ್ದ ಜಾಗದಲ್ಲಿ ಉಳಿಯುವಂಥದ್ದು. ಚಕ್ರ ಸರಿಯಿದ್ದಿದ್ದರೆ ಅದು ಕಾಣುತ್ತಿರಲಿಲ್ಲ.

ರಾತ್ರಿ ಶೋಶೋನ್ ಎಂಬ ಪುಟ್ಟ ಹಳ್ಳಿಯಲ್ಲಿ ಉಳಿದೆವು.

ಅದರ ಮಾರನೇ ದಿನ: ಡೆತ್ ವ್ಯಾಲಿ

ಬೆಳಿಗ್ಗೆ ಬೇಗ ಹೊರಡಬೇಕು. ಮಾರ್ಚಿನಲ್ಲೂ ಮಧ್ಯಾಹ್ನಕ್ಕೆ ಬಿಸಿಲು ಹಣೆಗೆ ಬಡಿಯುತ್ತದೆ. ಬೇಸಿಗೆಯಲ್ಲಂತೂ ಇಲ್ಲಿ ನಡೆಯುವ ಯೋಚನೆಯೇ ಬೇಡ. 1913ರಲ್ಲಿ ಇಲ್ಲಿ ದಾಖಲಾದ 56.7 ಡಿಗ್ರಿ ಇವತ್ತಿಗೂ ಜಗತ್ತಿನ ದಾಖಲೆ.

ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಕಣ್ಣು ಹಾಯುವವರೆಗೆ ಉಪ್ಪು. ಹಿಮಯುಗದಲ್ಲಿ ಇಲ್ಲಿ ದೊಡ್ಡ ಸರೋವರವಿತ್ತು. ನೀರು ಆರಿತು, ಉಪ್ಪು ಉಳಿಯಿತು. ಕ್ಯೂರಿಯಾಸಿಟಿ ಇಳಿದ ಗೇಲ್ ಕುಳಿ 154 ಕಿಲೋಮೀಟರ್ ಅಗಲ. ಅದರ ನಡುವೆ ಸುಮಾರು ಐದು ಕಿಲೋಮೀಟರ್ ಎತ್ತರದ ಶಾರ್ಪ್ ಪರ್ವತ. ಬುಡದ ಪದರಗಳಲ್ಲಿ ಜೇಡಿಮಣ್ಣಿನ ಖನಿಜಗಳು, ಮೇಲೆ ಹೋದಂತೆ ಸಲ್ಫೇಟ್ ಲವಣಗಳು. ಅಂದರೆ ಮೊದಲು ನಿಂತ ನೀರು, ಆಮೇಲೆ ಒಣಗುತ್ತ ಬಂದ ನೆಲ. ಆ ಒಣಗುವಿಕೆಯನ್ನು ರೋವರ್ ವರ್ಷಗಟ್ಟಲೆ ಹತ್ತುತ್ತ ಓದುತ್ತಿದೆ. ಬ್ಯಾಡ್‌ವಾಟರಿನಲ್ಲಿ ಉಪ್ಪಿನ ಹಕ್ಕಳೆ ಬೂಟಿನ ಕೆಳಗೆ ಕರಕರ ಎನ್ನುವಾಗ ನನಗೆ ಆ ಸಲ್ಫೇಟ್ ಪದರಗಳೇ ನೆನಪು.

ಅದೇ ರಸ್ತೆಯಲ್ಲಿ, ಆರ್ಟಿಸ್ಟ್ಸ್ ಡ್ರೈವ್ ಹತ್ತಿರ, ಮಾರ್ಸ್ ಹಿಲ್ ಎಂಬ ಸಣ್ಣ ಗುಡ್ಡ. ಬಹಳ ಜನ ನಿಲ್ಲಿಸದೆ ಹೋಗುತ್ತಾರೆ. ನಿಲ್ಲಿಸಿ ಹತ್ತಬೇಕು. ಕೆಂಗಂದು ಮಣ್ಣಿನಲ್ಲಿ ಅರ್ಧ ಹೂತ ಜ್ವಾಲಾಮುಖಿಯ ಕಲ್ಲುಗಳು, ಒಂದರ ಪಕ್ಕ ಒಂದು. ವೈಕಿಂಗ್ ನೌಕೆ 1976ರಲ್ಲಿ ಕಳಿಸಿದ ಮಂಗಳದ ಫೋಟೋ ನೋಡಿದವರಿಗೆ ಗಕ್ಕನೆ ಗುರುತು ಸಿಗುತ್ತದೆ. 1992ರಲ್ಲಿ ರಷ್ಯಾದವರು ಕಟ್ಟಿದ ಮಾರ್ಸೊಖೋಡ್ ರೋವರನ್ನೂ ಡೆತ್ ವ್ಯಾಲಿಗೆ ತಂದು ಓಡಿಸಿದ್ದರು.

ಅಲ್ಲಿಂದ ಸ್ವಲ್ಪ ದೂರ ವೆಂಟಿಫ್ಯಾಕ್ಟ್ ರಿಡ್ಜ್, ಗಾಳಿ ಕೊರೆದ ಕಲ್ಲುಗಳ ದಿಣ್ಣೆ. ಇಲ್ಲಿ ನಾನು ಒಂದೇ ಕಲ್ಲಿನ ಮುಂದೆ ಬಹಳ ಹೊತ್ತು ಕುಳಿತೆ. ಮೊಣಕಾಲೆತ್ತರದ ಕಪ್ಪು ಬಸಾಲ್ಟ್. ಗಾಳಿ ಬರುವ ಬದಿ ಉದ್ದುದ್ದ ಗೀರುಗಳು, ಮರಳು ಉಜ್ಜಿ ಉಜ್ಜಿ ತೋಡಿದ ಹರಿಗಳು. ಎರಡು ಮುಖ ಸೇರುವಲ್ಲಿ ಏಣು. ಬೆರಳಿಟ್ಟು ನೋಡಿದರೆ ಚರ್ಮ ಕೊಯ್ಯುವಷ್ಟು ಚೂಪು. ಹಿಂಬದಿ ಮಾತ್ರ ಒರಟಾಗಿ, ಮುಟ್ಟದಂತೆ ಉಳಿದಿದೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಆ ಒಂದು ಕಲ್ಲು ನೋಡಿ ಹೇಳಬಹುದು. ಮಂಗಳದಲ್ಲಿ ಇಂಥ ಕಲ್ಲುಗಳು ಅಲುಗಾಡದಂತೆ ನೆಲಕ್ಕೆ ಕಚ್ಚಿಕೊಂಡಿರುತ್ತವೆ. 2013ರಲ್ಲಿ ಕ್ಯೂರಿಯಾಸಿಟಿಯ ಆ ಮುಕ್ಕಾಲು ಮಿಲಿಮೀಟರ್ ತಗಡಿಗೆ ತೂತು ಬಿದ್ದದ್ದು ಇಂಥವುಗಳಿಂದಲೇ. ಅದಕ್ಕೆ ಪ್ಲಗ್ ಕಿಟ್ಟು ತರುವವರು ಯಾರೂ ಇಲ್ಲ. ಆಮೇಲೆ ದಾರಿ ಬದಲಿಸಿ, ಮೆತ್ತನೆ ನೆಲ ಹುಡುಕಿ, ಓಡಿಸುವ ರೀತಿಯನ್ನೂ ತಿದ್ದಿದರು. ಪರ್ಸಿವಿಯರೆನ್ಸ್‌ಗೆ ದಪ್ಪ ತಗಡು, 24ರ ಬದಲು 48 ಏಣುಗಳನ್ನು ಕೊಟ್ಟರು.

“ಅತ್ತೆ, ಈ ಕಲ್ಲು ತಗೋಬಹುದಾ?” ಎಂದಳು ಪುಟ್ಟಿ. ರಾಷ್ಟ್ರೀಯ ಉದ್ಯಾನದಲ್ಲಿ ಒಂದು ಹರಳನ್ನೂ ಎತ್ತುವಂತಿಲ್ಲ. ಫೋಟೋ ತೆಗೆದುಕೊಂಡಳು, ಅಳತೆಗೆ ಪಕ್ಕದಲ್ಲಿ ಪೆನ್ಸಿಲ್ ಇಟ್ಟು. ಯಾರೂ ಹೇಳಿಕೊಟ್ಟಿರಲಿಲ್ಲ.

ನಂತರದ ಬೆಳಿಗ್ಗೆ: ಉಬಿಹೀಬಿ ಕುಳಿ

ಕಣಿವೆಯ ಉತ್ತರ ತುದಿಗೆ ಉದ್ದನೆಯ ದಾರಿ. ಹಳದಿ ಮಣ್ಣು ಹೋಗಿ ಕಪ್ಪು ಬೂದಿ ಶುರುವಾದರೆ ಹತ್ತಿರ ಬಂದೆವು ಎಂದು ಲೆಕ್ಕ. ಕಾರಿನ ಬಾಗಿಲು ತೆಗೆದರೆ ಗಾಳಿ ಕಿತ್ತುಕೊಳ್ಳುತ್ತದೆ. ತಮ್ಮನ ಟೋಪಿ ಕಣ್ಣೆದುರೇ ಕುಳಿಯೊಳಗೆ ಹಾರಿತು.

ಸುಮಾರು 800 ಮೀಟರ್ ಅಗಲ, 150 ಮೀಟರಿಗೂ ಜಾಸ್ತಿ ಆಳ. ಇದು ಉಲ್ಕೆಯದ್ದಲ್ಲ. ಕೆಳಗಿನಿಂದ ಮೇಲೆದ್ದ ಕಾದ ಶಿಲಾಪಾಕ ಅಂತರ್ಜಲಕ್ಕೆ ತಾಗಿ, ನೀರು ಒಮ್ಮೆಗೇ ಹಬೆಯಾಗಿ ಸಿಡಿದು ಆದ ಕುಳಿ. ಸುಮಾರು 2,100 ವರ್ಷದ ಹಿಂದಿನದು ಎನ್ನುತ್ತಾರೆ. ನೆಲದ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ಆದರೂ ಮಂಗಳದ ಕುಳಿಗಳ ಬಗ್ಗೆ ಕೆಲಸ ಮಾಡುವವರು ಇಲ್ಲಿಗೆ ಬರುತ್ತಾರೆ. ಕಾರಣ ಗೋಡೆಗಳು. ಮೇಲೆ ಕಪ್ಪು ಬೂದಿ, ಕೆಳಗೆ ಕಿತ್ತಳೆ, ನಸುಗೆಂಪು ಪದರಗಳು. ಮಳೆ ಬಂದಾಗ ಗೋಡೆಯ ಜೇಡಿ ತಳಕ್ಕೆ ಇಳಿದು, ಒಣಗಿ, ಬಿರಿದು ಕೂತಿರುತ್ತದೆ. ಕುಳಿಯೊಂದು ಹೇಗೆ ತುಂಬುತ್ತದೆ ಎನ್ನುವುದು ಚಿಕ್ಕದಾಗಿ, ಕಣ್ಣೆದುರಿಗೇ ಇದೆ.

ಇಳಿಯಲು ಬಿಡುತ್ತಾರೆ. ಇಳಿಯುವುದು ಹತ್ತು ನಿಮಿಷ, ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ಬೂದಿಯಲ್ಲಿ ಕಾಲು ನಿಲ್ಲುವುದಿಲ್ಲ. ಮಂಡಿನೋವು ಇದ್ದವರು ಅಂಚಿನ ಮೇಲೆ ಸುತ್ತು ಹಾಕಿದರೆ ಸಾಕು. ನಾನು ಇಳಿದೆ. ಗೋಡೆಯಲ್ಲಿ ಗುಂಡುಗುಂಡಗಿನ ಬೆಣಚುಗಳು ಮರಳಿನಲ್ಲಿ ಸಿಕ್ಕಿ ಗಟ್ಟಿಯಾದ ಪದರವೊಂದಿದೆ. ಕಲ್ಲು ಹೀಗೆ ದುಂಡಗಾಗಬೇಕಾದರೆ ನೀರು ಅದನ್ನು ಉರುಳಿಸಿರಬೇಕು. 2012ರ ಸೆಪ್ಟೆಂಬರಿನಲ್ಲಿ, ಇಳಿದು ಇನ್ನೂ ಎರಡು ತಿಂಗಳಾಗಿರಲಿಲ್ಲ, ಕ್ಯೂರಿಯಾಸಿಟಿ ಇಂಥದೇ ಪದರದ ಫೋಟೋ ಕಳಿಸಿತು. ಎದ್ದ ಚಪ್ಪಡಿಯ ತುದಿಯಲ್ಲಿ ನುಣುಪಾದ ಬೆಣಚುಗಳು. ಗಾಳಿ ಎತ್ತಲಾರದಷ್ಟು ದೊಡ್ಡವು. ಅಲ್ಲಿ ಹರಿದ ಹಳ್ಳದ ನೀರು ಪಾದದ ಗಿಣ್ಣಿನಿಂದ ಸೊಂಟದವರೆಗೆ ಇತ್ತು ಎಂದು ಆ ಬೆಣಚುಗಳ ಗಾತ್ರ ನೋಡಿಯೇ ಲೆಕ್ಕ ಹಾಕಿದರು. ಪುಟ್ಟಿಗೆ ಇದನ್ನು ಗೋಡೆ ಮುಟ್ಟಿಸಿಯೇ ಹೇಳಿದೆ.

“ಹಂಗಾದ್ರ ಅಕ್ಕಾ, ರೋವರ್ ಮಾಡೋದೂ ನೀವು ಮಾಡ್ತಿದ್ದ ಕೆಲಸಾನ ಅಲ್ವಾ?” ಎಂದ ತಮ್ಮ. ಹೌದು, ಹಾಗೇ. ನಾನು ಸುತ್ತಿಗೆಯಿಂದ ಒಡೆದು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಅದು ಏಳು ಮೀಟರ್ ದೂರದಿಂದ ಲೇಸರ್ ಹೊಡೆದು, ಕಲ್ಲಿನ ಚೂರು ಉರಿದಾಗ ಬರುವ ಬೆಳಕು ನೋಡಿ ಯಾವ ಧಾತು ಇದೆ ಎಂದು ಹೇಳುತ್ತದೆ. ಚಂದ್ರನ ಮೇಲೆ ನಮ್ಮ ಚಂದ್ರಯಾನ-3ರ ರೋವರ್ ಪ್ರಜ್ಞಾನ್ ಗಂಧಕ ಕಂಡುಹಿಡಿದದ್ದೂ ಇದೇ ವಿಧಾನದಿಂದ.

ಇಡೀ ದಿನ ರಸ್ತೆ

ಲಾಸ್ ವೇಗಸ್ ದಾಟಿ, ಕಿಂಗ್‌ಮನ್ ಹಾದು, ಅರಿಝೋನಾದ ಎತ್ತರಕ್ಕೆ. ಬೆಳಿಗ್ಗೆ ಸಮುದ್ರಮಟ್ಟದ ಆಸುಪಾಸಿನಲ್ಲಿದ್ದವರು ಸಂಜೆಗೆ 2,100 ಮೀಟರ್ ಮೇಲೆ. ಫ್ಲ್ಯಾಗ್‌ಸ್ಟಾಫಿನಲ್ಲಿ ಪೈನ್ ಮರಗಳ ಬುಡದಲ್ಲಿ ಹಿಮ. ಒಂದೇ ಪ್ರವಾಸಕ್ಕೆ ಹತ್ತಿ ಬಟ್ಟೆಯೂ ಬೇಕು, ಸ್ವೆಟರೂ ಬೇಕು. ಕೋಣೆ ಹಿಡಿಯುವಾಗ ರೈಲು ಹಳಿಯಿಂದ ದೂರ ಇರುವುದನ್ನು ನೋಡಿಕೊಳ್ಳಿ, ರಾತ್ರಿಯಿಡೀ ಗೂಡ್ಸ್ ಗಾಡಿ ಕೂಗುತ್ತವೆ. ಬಿಸಿನೀರು ಹಾಕಿದರೆ ಆಗುವ ಬಿಸಿಬೇಳೆಬಾತ್ ಪೊಟ್ಟಣಕ್ಕೆ ಆ ಚಳಿಯಲ್ಲಿ ಬಂದ ರುಚಿ ಮನೆಯಲ್ಲಿ ಎಂದೂ ಬಂದಿರಲಿಲ್ಲ.

ಫ್ಲ್ಯಾಗ್‌ಸ್ಟಾಫ್‌ನಿಂದ ಪೂರ್ವಕ್ಕೆ: ಮೀಟಿಯರ್ ಕ್ರೇಟರ್

ಮುಕ್ಕಾಲು ಗಂಟೆ ದಾರಿ. ಬಯಲು, ಮರವಿಲ್ಲ. ದೂರದಲ್ಲಿ ನೆಲ ಸ್ವಲ್ಪ ಉಬ್ಬಿದಂತೆ ಕಾಣುತ್ತದೆ ಅಷ್ಟೇ. ಆ ಉಬ್ಬು ಹತ್ತಿದರೆ ಕಾಲಬುಡದಲ್ಲಿ 1.2 ಕಿಲೋಮೀಟರ್ ಅಗಲ, 170 ಮೀಟರ್ ಆಳ. ಪುಟ್ಟಿ ಏನೋ ಹೇಳಲು ಬಾಯಿ ತೆಗೆದವಳು ಸುಮ್ನೆ ನಿಂತಳು. ಸುಮಾರು 50,000 ವರ್ಷದ ಹಿಂದೆ, 50 ಮೀಟರಿನಷ್ಟು ಅಗಲದ ಕಬ್ಬಿಣದ ಉಲ್ಕೆ ಬಡಿದು ಕೆಲವೇ ಸೆಕೆಂಡುಗಳಲ್ಲಿ ಆದದ್ದು.

ಇದು ಖಾಸಗಿ ಜಾಗ, ಟಿಕೆಟ್ ಇದೆ. ತಳಕ್ಕೆ ಇಳಿಯಲು ಬಿಡುವುದಿಲ್ಲ. ಅಂಚಿನ ಮೇಲೆ ಮಾರ್ಗದರ್ಶಿಯ ಜೊತೆ ನಡೆಯಬಹುದು. ಗಾಳಿ ಜೋರಾದರೆ ಆ ನಡಿಗೆ ನಿಲ್ಲಿಸುತ್ತಾರೆ, ಹಾಗಾಗಿ ಬೆಳಿಗ್ಗೆಯ ಮೊದಲ ಸರದಿಗೇ ಹೋಗಿ. ಒಳಗೆ 639 ಕೆ.ಜಿ. ತೂಕದ ಉಲ್ಕೆಯ ತುಂಡು ಇಟ್ಟಿದ್ದಾರೆ, ಮುಟ್ಟಬಹುದು. ತಣ್ಣಗಿರುತ್ತದೆ, ಮೈಮೇಲೆಲ್ಲ ಹೆಬ್ಬೆರಳು ಒತ್ತಿದಂಥ ತಗ್ಗುಗಳು, ಜನ ಸವರಿ ಸವರಿ ಕೆಲವು ಕಡೆ ಹೊಳಪು ಬಂದಿದೆ.

ಈ ಕುಳಿಯ ಹಿಂದಿನ ಜಗಳ ನನಗೆ ಕುಳಿಯಷ್ಟೇ ಇಷ್ಟ. 1891ರಲ್ಲಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಬಂದರು, ಆಗಿನ ದೊಡ್ಡ ಭೂವಿಜ್ಞಾನಿ. ಉಲ್ಕೆ ಬಿದ್ದಿದ್ದರೆ ಕೆಳಗೆ ದೊಡ್ಡ ಕಬ್ಬಿಣದ ಗುಡ್ಡೆ ಇರಬೇಕು, ದಿಕ್ಸೂಚಿ ಅಲುಗಬೇಕು ಎಂದು ಯೋಚಿಸಿದರು. ಅಲುಗಲಿಲ್ಲ. ಇದು ಹಬೆ ಸಿಡಿದು ಆದದ್ದು ಎಂದು ತೀರ್ಮಾನಿಸಿದರು. ಎರಡು ದಿನ ಹಿಂದೆ ಉಬಿಹೀಬಿ ನೋಡಿ ಬಂದವಳಿಗೆ ಗಿಲ್ಬರ್ಟರ ಮೇಲೆ ಸಿಟ್ಟು ಬರುವುದಿಲ್ಲ. ಹಬೆ ಅಂಥ ಕುಳಿ ಮಾಡುವುದನ್ನು ಕಣ್ಣಾರೆ ಕಂಡಿದ್ದೆ. ಜೊತೆಗೆ ಫ್ಲ್ಯಾಗ್‌ಸ್ಟಾಫ್ ಸುತ್ತ ನೂರಾರು ಹಳೆಯ ಜ್ವಾಲಾಮುಖಿಗಳಿವೆ. 1903ರಲ್ಲಿ ಗಣಿ ಉದ್ಯಮಿ ಡೇನಿಯಲ್ ಬ್ಯಾರಿಂಜರ್ ಬಂದರು. ಉಲ್ಕೆಯೇ ಎಂದು ಹಟ ಹಿಡಿದು, ಆ ಕಬ್ಬಿಣಕ್ಕಾಗಿ ಸುಮಾರು 27 ವರ್ಷ ಕೊರೆಸಿದರು. ಸಿಗಲೇ ಇಲ್ಲ. ಬಡಿದ ರಭಸಕ್ಕೆ ಹೆಚ್ಚಿನ ಪಾಲು ಕಬ್ಬಿಣ ಕರಗಿ, ಆವಿಯಾಗಿ, ಚದುರಿಹೋಗಿತ್ತು. ಸರಿಯಾದ ಉತ್ತರ ಕೈಯಲ್ಲಿಟ್ಟುಕೊಂಡು, ಇಲ್ಲದ ಗುಡ್ಡೆಗಾಗಿ ಆಸ್ತಿ ಕಳೆದುಕೊಂಡ ಮನುಷ್ಯ. ಬೋರು ಕೊರೆಸಿ ನೀರು ಸಿಗದ ರೈತರ ಮುಖ ನೋಡಿದವಳು ನಾನು, ತಳದಲ್ಲಿ ಕಾಣುವ ಅವರ ಹಳೆಯ ಗಣಿಬಾವಿಯನ್ನು ದುರ್ಬೀನಿನಲ್ಲಿ ನೋಡಿ ಹೊಟ್ಟೆ ಚುರ್ ಎಂದಿತು.

ಗಂಟು ಬಿಡಿಸಿದವರು ಭೂವಿಜ್ಞಾನಿ ಯೂಜೀನ್ ಶೂಮೇಕರ್. ನೆವಾಡಾದಲ್ಲಿ ಅಣುಬಾಂಬ್ ಸಿಡಿಸಿ ಆದ ಕುಳಿಗಳನ್ನು ಅಳೆದಿದ್ದರು. ಇಲ್ಲಿಯ ಅಂಚಿನಲ್ಲೂ ಅದೇ ಗುರುತು ಕಂಡರು. ಬಯಲಿನಲ್ಲಿ ಮೇಲಿರುವುದು ಮೊಯೆನ್‌ಕೋಪಿ ಎಂಬ ಕೆಂಪು ಕಲ್ಲಿನ ಪದರ, ಅದರ ಕೆಳಗೆ ಕೈಬಾಬ್ ಸುಣ್ಣಕಲ್ಲು, ಇನ್ನೂ ಕೆಳಗೆ ಬಿಳಿ ಕೊಕೊನೀನೊ ಮರಳುಗಲ್ಲು. ಅಂಚಿನ ಮೇಲೆ ಈ ಕ್ರಮ ತಲೆಕೆಳಗಾಗಿದೆ. ಕೆಳಗಿನದು ಎದ್ದು ಮಗುಚಿ ಮೇಲೆ ಬಿದ್ದಿದೆ. 1960ರಲ್ಲಿ ಶೂಮೇಕರ್ ಮತ್ತು ಜೊತೆಗಾರರು ಇಲ್ಲಿಯ ಕಲ್ಲಿನಲ್ಲಿ ಕೋಯೆಸೈಟ್ ಕಂಡುಹಿಡಿದರು. ಸಾಮಾನ್ಯ ಸ್ಫಟಿಕಶಿಲೆ ಭಯಂಕರ ಒತ್ತಡಕ್ಕೆ ಸಿಕ್ಕರೆ ಆಗುವ ಖನಿಜ. ಹಬೆಯ ಸಿಡಿತಕ್ಕೆ ಅಷ್ಟು ಶಕ್ತಿಯಿಲ್ಲ.

ಮಾರ್ಗದರ್ಶಿ ನಮ್ಮನ್ನು ಬಿಳಿ ಪುಡಿಯ ಮೇಲೆ ನಿಲ್ಲಿಸಿದರು. ಕಾಲ ಕೆಳಗಿನ ಆ ಕೊಕೊನೀನೊ, ಬಯಲಿನಲ್ಲಿ ನೋಡಬೇಕಾದರೆ ನೂರು ಮೀಟರಿನಷ್ಟು ಕೊರೆಯಬೇಕು. ಪರ್ಸಿವಿಯರೆನ್ಸ್ ಮಾಡಿದ್ದೂ ಇದನ್ನೇ. 45 ಕಿಲೋಮೀಟರ್ ಅಗಲದ ಜೆಜೆರೊ ಕುಳಿಯ ತಳದಲ್ಲಿ, ನದಿಯ ಮುಖಜಭೂಮಿಯಲ್ಲಿ ಕೆಲಸ ಮುಗಿಸಿ, 2024ರ ಆಗಸ್ಟಿನಲ್ಲಿ ಏರಲು ಶುರುಮಾಡಿ ಡಿಸೆಂಬರಿಗೆ ಅಂಚಿನ ಮೇಲೆ ನಿಂತಿತು. ಕುಳಿಗಿಂತ ಹಳೆಯ, ಆಳದ ಕಲ್ಲು ಸಿಗುವುದು ಅಲ್ಲೇ. ಆಪರ್ಚುನಿಟಿಯ ದಾರಿಯೂ ಹಾಗೇ. 22 ಮೀಟರಿನ ಈಗಲ್ ಕುಳಿಯಲ್ಲಿ ಇಳಿದು, 130 ಮೀಟರಿನ ಎಂಡ್ಯೂರೆನ್ಸ್, ಆಮೇಲೆ 750 ಮೀಟರಿನ ವಿಕ್ಟೋರಿಯಾ, ಕೊನೆಗೆ 22 ಕಿಲೋಮೀಟರಿನ ಎಂಡೆವರ್. ದೊಡ್ಡ ಕುಳಿಗೆ ಹೋದಷ್ಟೂ ಆಳದ ಪದರ. 90 ದಿನಕ್ಕೆಂದು ಕಳಿಸಿದ ಗಾಡಿ 14 ವರ್ಷ ದುಡಿದು 45 ಕಿಲೋಮೀಟರ್ ನಡೆಯಿತು.

ಕೊನೆಯ ದಿನ: ಫ್ಲ್ಯಾಗ್‌ಸ್ಟಾಫ್

ಊರಿನ ಪಶ್ಚಿಮದ ಗುಡ್ಡದ ಹೆಸರೂ ಮಾರ್ಸ್ ಹಿಲ್. ಖಗೋಳಜ್ಞ ಪರ್ಸಿವಲ್ ಲೋವೆಲ್ 1894ರಲ್ಲಿ ಇಲ್ಲಿ ವೀಕ್ಷಣಾಲಯ ಕಟ್ಟಿಸಿ, ಮಂಗಳದಲ್ಲಿ ಕಾಲುವೆಗಳಿವೆ ಎಂದು ನಕ್ಷೆ ಬರೆದರು. ಅವರು ಬಳಸಿದ 24 ಇಂಚಿನ ದೂರದರ್ಶಕ ಈಗಲೂ ಇದೆ, ರಾತ್ರಿ ಸಾರ್ವಜನಿಕರೂ ನೋಡಬಹುದು. ನಮಗೆ ಮೋಡ ಅಡ್ಡ ಬಂತು. ಕಾಲುವೆ ಎಂದುಕೊಂಡ ಗ್ರಹದಲ್ಲಿ ಕುಳಿ ಕಾಣಿಸಿದ್ದು ಆ ಸೀಮೆಸುಣ್ಣದ ಚಿತ್ರ ಬಂದ ವರ್ಷ.

ಮಧ್ಯಾಹ್ನ ಊರಿನ ಈಶಾನ್ಯಕ್ಕೆ, ಸಿಂಡರ್ ಲೇಕ್. ಸರೋವರವಲ್ಲ, ಸನ್‌ಸೆಟ್ ಕ್ರೇಟರ್ ಜ್ವಾಲಾಮುಖಿ ಉಗುಳಿದ ಕಪ್ಪು ಹರಳಿನ ಬಯಲು. 1967ರಲ್ಲಿ ಇಲ್ಲಿ ಸ್ಫೋಟಕ ಇಟ್ಟು 47 ಕುಳಿಗಳನ್ನು ಮಾಡಿದರು. ಚಂದ್ರನ ಶಾಂತಿಸಾಗರದ ಒಂದು ತುಂಡನ್ನು, ಅಳತೆ ಸಹಿತ, ಅರಿಝೋನಾದಲ್ಲಿ ಇಳಿಸಿದ ಕೆಲಸ. ಆಮೇಲೆ ಇನ್ನೂ ಸೇರಿಸಿದರು. ಅಪೋಲೊ ಗಗನಯಾತ್ರಿಗಳು ಇಲ್ಲಿ ಕಲ್ಲು ಓದಲು ಕಲಿತರು. ಈಗ ಮರಳುಗಾಡಿ ಓಡಿ, ಮಳೆ ಹೊಯ್ದು ತುಂಬಾ ಕುಳಿಗಳು ಮಾಸಿವೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ನೆರಳಿನಿಂದ ಗುರುತು ಸಿಗುತ್ತದೆ. ಒಂದರೊಳಗೆ ಇಳಿದು ಕೂತು ಬುತ್ತಿ ಬಿಚ್ಚಿದೆವು.

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೂ ಇಂಥದ್ದಿದೆ. ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರಯಾನ-2ರ ಲ್ಯಾಂಡರಿನ ಸೆನ್ಸರುಗಳ ಪರೀಕ್ಷೆಗೆ ಇಸ್ರೋ ಕುಳಿಗಳನ್ನು ತೋಡಿಸಿತ್ತು. 2023ರ ಆಗಸ್ಟ್ 27ರಂದು ಪ್ರಜ್ಞಾನ್ ರೋವರಿಗೆ ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಎದುರಾಯಿತು, ಬೆಂಗಳೂರಿನಿಂದ ಆಜ್ಞೆ ಕಳಿಸಿ ಬೇರೆ ದಾರಿ ಹಿಡಿಸಿದರು. 26 ಕೆ.ಜಿ.ಯ ಆ ಪುಟಾಣಿ ಗಾಡಿ ಕುಳಿಯನ್ನು ಸುತ್ತಿಕೊಂಡು ಹೋಯಿತು. ನಮ್ಮ ಮುಂದಿನ ರೋವರ್ ಕುಳಿಯ ಒಳಗೆ ಇಳಿಯುವಂಥದ್ದಾಗಲಿ ಎಂದು ನನ್ನ ಆಸೆ.

ವಾಪಸು ಬರುವಾಗ ಶೂಮೇಕರ್ 1963ರಲ್ಲಿ ಶುರುಮಾಡಿದ ಅಮೆರಿಕದ ಭೂವಿಜ್ಞಾನ ಸಂಸ್ಥೆಯ ಶಾಖೆಯ ಮುಂದೆ ಹಾದೆವು. ಪರ್ಸಿವಿಯರೆನ್ಸ್ ಇಳಿಯುವಾಗ ಕೆಳಗಿನ ನೆಲದ ಫೋಟೋ ತೆಗೆದು, ತನ್ನ ನೆನಪಿನಲ್ಲಿದ್ದ ನಕ್ಷೆಗೆ ಹೋಲಿಸಿ, ಬಂಡೆಗಳಿಲ್ಲದ ಜಾಗ ಆರಿಸಿಕೊಂಡಿತಲ್ಲ, ಆ ನಕ್ಷೆ ತಯಾರಾದದ್ದು ಇಲ್ಲೇ.

ಈ ದಾರಿಯಲ್ಲಿ ಹೋಗುವವರಿಗೆ ನನ್ನದೊಂದೇ ಮಾತು. ಮೊದಲು ಉಬಿಹೀಬಿ ನೋಡಿ, ಆಮೇಲೆ ಮೀಟಿಯರ್ ಕ್ರೇಟರ್. ಉಲ್ಟಾ ಹೋದರೆ ಗಿಲ್ಬರ್ಟರಿಗೆ ಹಾಗೇಕೆ ಅನಿಸಿತು ಎನ್ನುವುದು ಹೊಳೆಯುವುದಿಲ್ಲ. ಅಷ್ಟು ದೂರ ಹೋಗಲು ಆಗದವರು ರೋವರುಗಳು ಕಳಿಸುವ ಫೋಟೋಗಳನ್ನು ಹೊಸದಾಗಿ ಬಂದಂತೆ ನಾಸಾದ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಪುಟ್ಟಿ ಈಗ ದಿನಾ ಅವುಗಳಲ್ಲಿ ದುಂಡಗಿನ ಬೆಣಚು ಹುಡುಕುತ್ತಾಳೆ, ಸಿಕ್ಕರೆ ನನಗೆ ಕಳಿಸುತ್ತಾಳೆ. ಮೊನ್ನೆ ಕಳಿಸಿದ್ದು ಗಾಳಿ ಕೊರೆದ ಕಲ್ಲು. ಗಾಳಿ ಎಡದಿಂದ ಬೀಸಿದೆ ಎಂದು ಕೆಳಗೆ ಬರೆದಿದ್ದಳು.